ಓರೆಸ್ಟ್ ಪಕ್ಕದ ಜಾಗ

ಕಾಪರ್ ಬೇ
ಜನವರಿ ಇಪ್ಪತ್ತೊಂಬತ್ತು, ಮಂಗಳವಾರ ಬೆಳಿಗ್ಗೆ

ಗಾರ್ನೆಟ್‌ಗೆ ಪರಸ್ಕಾ ಅಜ್ಜಿ ಬರೆಯುವುದು.

ನಾನಿಲ್ಲಿ ಕ್ಷೇಮ. ನೀನು ಸತ್ತಿರುವುದಾಗಿ ನಿನ್ನೆ ತಿಳಿಯಿತು.

ಎಂಬತ್ತಾರು ವರ್ಷದ ನಾನು ಇನ್ನೂ ಸೂಜಿಗೆ ದಾರ ಪೋಣಿಸಿಕೊಂಡು ಕೂತಿದ್ದೇನೆ. ಅರವತ್ತೈದರ ನಿನಗೆ ಸಾಯಲು ಸ್ವಲ್ಪವಾದರೂ ನಾಚಿಕೆಯಾಗಬೇಕಿತ್ತು. ನನಗೆ ನಾಲ್ಕನೇ ಇಯತ್ತೆಯ ಓದು, ಕಾಗದ ಬರೆದು ಅಭ್ಯಾಸವಿಲ್ಲ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ಆದರೆ ಪೂರ್ತಿ ಓದು. ಅರ್ಧಕ್ಕೆ ಬಿಟ್ಟು ಮಡಚಿಡುವ ನಿನ್ನ ಹಳೇ ಚಾಳಿ ಇವತ್ತು ಬೇಡ.

ಐಸ್ ಹಾಕಿ ಆಡುವ ನಮ್ಮೂರ ರಿಂಕಿನ ಹಳೇ ಆಟಗಾರರ ಸಂಘ ನೋಡಿಕೊಳ್ಳುವ ಕಾಲಿನ್ ನಿನ್ನೆ ನೀಲಿ ಬಟ್ಟೆ ಹೊತ್ತುಕೊಂಡು ಬಂದ. ನಿನಗೆ ಗೊತ್ತಿರುವುದೇ. ಫೆಬ್ರವರಿಯ ಎರಡನೇ ಶನಿವಾರ ಆಟ ಶುರುವಾಗುವ ಮೊದಲು ದೀಪ ತಗ್ಗಿಸಿ, ಸಂಬಳಕ್ಕೆ ನಮ್ಮೂರಿನ ಅಂಗಿ ತೊಟ್ಟು ಮಂಜುಗಡ್ಡೆಯ ಮೇಲೆ ಹಾಕಿಯಾಟ ಆಡಿದವರಲ್ಲಿ ಸತ್ತವರ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಾರೆ. ಆ ಹೆಸರುಗಳನ್ನು ಬಿಳಿ ದಾರದಲ್ಲಿ ಆ ಬಟ್ಟೆಯ ಮೇಲೆ ಹೊಲಿಯುವವಳು ನಾನು. ಈ ವರ್ಷದ ಪಟ್ಟಿಯಲ್ಲಿ ಇಬ್ಬರು. ಒಬ್ಬ ಹಳೇ ಗೋಲ್ ಕೀಪರ್, ತೊಂಬತ್ತೊಂದು ವರ್ಷ ತಿಂದುಂಡು ಹೋದವನು, ಅವನ ಬಗ್ಗೆ ನನ್ನ ತಕರಾರಿಲ್ಲ. ಇನ್ನೊಬ್ಬ ನೀನು.

"ಇವನು ಸತ್ತ ಅಂತ ನಿಂಗ್ಯಾರೋ ಹೇಳಿದ್ದು?" ಎಂದೆ.

"ಅವರಣ್ಣ ಕಾಗದ ಬರೆದಿದ್ದಾರೆ ಅಜ್ಜಿ. ಬಂದು ಮೂರು ವಾರ ಆಯ್ತು."

"ತಗೊಂಬಾ ಕಾಗದಾನ."

"ಕಾಗದ ನೋಡಿ ನೀವೇನ್ಮಾಡ್ತೀರಿ? ಹೆಸರು ಹೊಲಿದುಕೊಟ್ರೆ ಆಯ್ತಲ್ಲ."

"ಕೊನೇ ಸಾಲಲ್ಲಿ ಜಾಗ ಇದೆ, ನಿನ್ನ ಹೆಸರೂ ಹೊಲಿದುಬಿಡ್ತೀನಿ. ಹೋಗಿ ತಗೊಂಬಾ ಅಂದ್ರೆ!"

ತಂದ. ಮೂರೇ ಸಾಲು. ಗಾರ್ನೆಟ್ ಮೊಫಟ್ ತೀರಿಕೊಂಡ. ಹೂವು ಬೇಡ, ಯಾರೂ ಬರುವುದೂ ಬೇಡ. ಬಟ್ಟೆಯ ಮೇಲೆ ಅವನ ಹೆಸರನ್ನು ಓರೆಸ್ಟ್ ಪಕ್ಕದಲ್ಲಿ ಹೊಲಿಯಿರಿ. ಕೆಳಗೆ 'ಅವನ ಅಣ್ಣ' ಎಂದು ರುಜು.

ನೀನು ನಿನ್ನ ತಾಯಿಗೆ ಒಬ್ಬನೇ ಮಗ. ಕಾಲಿನ್‌ಗೆ ಅದು ಗೊತ್ತಿಲ್ಲ, ನನಗೆ ಗೊತ್ತು. ಕಾಗದದ ಹಿಂಬದಿಯಲ್ಲಿ ಬೆರಳಾಡಿಸಿದೆ. ಅಕ್ಷರಗಳೆಲ್ಲ ಉಬ್ಬಿ ಕೈಗೆ ಸಿಕ್ಕವು. ಪೆನ್ನನ್ನು ಉಳಿಯ ಹಾಗೆ ಒತ್ತಿ, ಗಾಳಿಗೆ ವಾಲಿದ ಬೇಲಿಯಂತೆ ಎಲ್ಲವನ್ನೂ ಎಡಕ್ಕೆ ಬಾಗಿಸಿ ಬರೆಯುವ ಇನ್ನೊಬ್ಬನನ್ನು ನಾನು ಕಂಡಿಲ್ಲ. ಐದು ಚಳಿಗಾಲ ನನ್ನ ಅಡುಗೆಮನೆಯ ಮೇಜಿನ ಮೇಲೆ ಅದೇ ಕೈಬರಹದ ಚೀಟಿ ಓದಿದವಳು ನಾನು. 'ಅಜ್ಜಿ, ಹಾಲು ಮುಗಿಸಿದ್ದು ನಾನಲ್ಲ, ರೆಯಾಲ್.' ಪಾಪ, ರೆಯಾಲ್‌ಗೆ ಹಾಲು ಕಂಡರೇ ಆಗುತ್ತಿರಲಿಲ್ಲ. ಆಗಲೂ ನಿನಗೆ ನೆಟ್ಟಗೆ ಒಂದು ಸುಳ್ಳು ಹೇಳಲು ಬರುತ್ತಿರಲಿಲ್ಲ.

ಮೊದಲು ನಗು ಬಂತು, ನಿಜ ಹೇಳುತ್ತೇನೆ. ಈ ಮಂಕುದಿಣ್ಣೆ ತನ್ನ ಸಾವಿಗೆ ತಾನೇ ಟಪಾಲು ಹಾಕಿದ್ದಾನಲ್ಲ ಎಂದುಕೊಂಡೆ. ಕಾಲಿನ್ ಹೋದ. ಒಲೆಯ ಮೇಲೆ ಬೀಟ್‌ರೂಟ್ ಸಾರು ಕುದಿಯುತ್ತಿತ್ತು. ಅದನ್ನು ಇಳಿಸಲು ಎದ್ದವಳು ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟೆ. ಸಾರು ತಳ ಹಿಡಿಯಿತು. ಓರೆಸ್ಟ್ ಪಕ್ಕದಲ್ಲಿ ಎಂದು ಕೇಳಿದ್ದೀಯ. ಊಟಕ್ಕೆ ಕೂರುವಾಗ ಜಾಗ ಹಿಡಿದಿಡು ಎಂದು ಕೇಳಿದ ಹಾಗೆ.

ನೀವು ನಾಲ್ವರು ನನ್ನ ಮನೆಗೆ ಬಂದದ್ದು ನನ್ನ ಗಂಡ ಗಣಿಯಲ್ಲಿ ಹೋದ ಮರುವರ್ಷ. ಗೋಲು ಹೊಡೆಯುವ ಸಪೂರ ಮೈಯವರನ್ನು ತಂಡದವರು ಒಳ್ಳೊಳ್ಳೆಯ ಮನೆಗಳಲ್ಲಿ ಇಟ್ಟರು. ದೊಡ್ಡ ಪಾತ್ರೆಯಿರುವವಳು ಎಂದು ನನ್ನ ಪಾಲಿಗೆ ನಿಮ್ಮನ್ನು ತಳ್ಳಿದರು. ಆಟದಲ್ಲಿ ಆ ಸಪೂರದವರ ಮೈ ಮುಟ್ಟಿದವನನ್ನು ಬಡಿಯುವುದೇ ನಿಮ್ಮ ಕೆಲಸ. ಓರೆಸ್ಟ್, ರೆಯಾಲ್, ಎಲ್ಮರ್, ನೀನು. ನಲವತ್ತೆರಡು ವರ್ಷದ ಹೆಂಗಸನ್ನು ಮೊದಲ ದಿನವೇ ಅಜ್ಜಿ ಎಂದವನು ನೀನು. ಸೌಟಿನಲ್ಲಿ ಎರಡು ಬಿಗಿದರೂ ಬಿಡಲಿಲ್ಲ. ಆಮೇಲೆ ಊರಿಗೇ ನಾನು ಅಜ್ಜಿಯಾದೆ.

ಜನವರಿಯಲ್ಲಿ ಬರುವ ನಮ್ಮ ಕ್ರಿಸ್‌ಮಸ್, ಆ ವರ್ಷದ್ದು, ನೆನಪಿದೆಯೇ? ಸತ್ತವರಿಗೆಂದು ನಾವು ಒಂದು ತಟ್ಟೆ ಬಡಿಸಿ ಬೇರೆ ಇಡುತ್ತೇವೆ. ನಾನು ಒಲೆಯ ಕಡೆ ತಿರುಗಿ ಮತ್ತೆ ನೋಡುವಷ್ಟರಲ್ಲಿ ಅದರಲ್ಲಿದ್ದ ಎಲೆಕೋಸಿನ ಸುರುಳಿಗಳೆಲ್ಲ ಮಾಯ.

"ಅಯ್ಯೋ ಪಾಪಿ, ಅದು ಸತ್ತೋರ ಊಟ ಕಣೋ!"

"ಸತ್ತೋರು ತಡ ಮಾಡ್ತಿದ್ರು ಅಜ್ಜಿ, ಆರಿಹೋಗ್ತಿತ್ತು" ಎಂದೆ ನೀನು, ಬಾಯಿ ತುಂಬಿಕೊಂಡೇ.

ಓರೆಸ್ಟ್ ನಮ್ಮ ಪೈಕಿಯವನು, ಅವನಿಗೆ ಅದರ ಅರ್ಥ ಗೊತ್ತಿತ್ತು. ಅವನು ಮೂರು ಸಲ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಎಲ್ಮರ್ ನಕ್ಕೂ ನಕ್ಕೂ ಕುರ್ಚಿಯಿಂದ ಬಿದ್ದ. ನನಗೂ ನಗು ತಡೆಯಲಾಗಲಿಲ್ಲ. ಆದರೆ ಆ ಖಾಲಿ ತಟ್ಟೆ ತೊಳೆಯುವಾಗ ನಿನ್ನ ಹೆಸರಿನಲ್ಲಿ ಒಂದು ಪ್ರಾರ್ಥನೆ ಮಾಡಿದ್ದೆ. ಅದನ್ನು ಆಗ ಹೇಳಲಿಲ್ಲ.

ಮೊದಲು ಹೋದವನು ರೆಯಾಲ್. ಜುಲೈ ತಿಂಗಳ ಒಂದು ಮಧ್ಯಾಹ್ನ ಕಪ್ಪು ಕನ್ನಡಕ ಹಾಕಿಕೊಂಡು ಬಂದು, ಒಳಗೆ ಕಾಲಿಟ್ಟವನೇ ಪರದೆ ಎಳೆ ಎಂದ. "ಬೆಳಕು ತಲೆಯೊಳಗೆ ಮೊಳೆ ಹೊಡೀತದೆ ಅಜ್ಜಿ" ಎಂದ. ಚೀಲದಿಂದ ಒಂದು ಮರದ ಸೌಟು ತೆಗೆದು ಮೇಜಿನ ಮೇಲಿಟ್ಟ. ಇಪ್ಪತ್ತು ವರ್ಷದ ಹಿಂದೆ ಮನೆ ಬಿಟ್ಟು ಹೋಗುವಾಗ ಕದ್ದುಕೊಂಡು ಹೋಗಿದ್ದನಂತೆ. ಕಳ್ಳನಿಗೆ ಈಗ ಬುದ್ಧಿ ಬಂತೇ ಎಂದು ನಾನು ಹಂಗಿಸಿದೆ. ಅವನು ನಗಲಿಲ್ಲ. ಮೊದಲ ಹಿಮ ಬೀಳುವುದರೊಳಗೆ ಅವನ ಹೆಸರನ್ನು ಹೊಲಿದೆ. ಎಲ್ಮರ್ ತನ್ನ ದೋಣಿಯನ್ನು ಪಕ್ಕದ ಮನೆಯವನಿಗೆ ಸುಮ್ಮನೆ ಕೊಟ್ಟುಬಿಟ್ಟ. ಅದಾದ ಹದಿನೈದು ದಿನಕ್ಕೆ, ಏಪ್ರಿಲ್‌ನಲ್ಲಿ, ಹೆಪ್ಪು ಸಡಿಲವಾದ ಸರೋವರದ ಮೇಲೆ ಗಾಡಿ ಓಡಿಸಿದ. ದಾರಿ ತಪ್ಪಿತು ಎಂದರು ಜನ. ಮೂವತ್ತು ವರ್ಷ ಅದೇ ಸರೋವರದಲ್ಲಿ ಮೀನು ಹಿಡಿದವನಿಗೆ ದಾರಿ ತಪ್ಪುತ್ತದೆಯೇ? ನಾನೂ ಅವರೆದುರು ತಲೆಯಾಡಿಸಿದೆ. ಬಾಯಿಬಡುಕಿ ಎಂದು ಹೆಸರು ಪಡೆದವಳು ಅವತ್ತು ಬಾಯಿ ಬಿಡಲಿಲ್ಲ.

ಓರೆಸ್ಟ್ ಮಾತ್ರ ಹಾಸಿಗೆಯಲ್ಲಿ ಹೋದ. ಅದು ಸುಖದ ಸಾವೇನೂ ಅಲ್ಲ. ಕೊನೆಯ ಎರಡು ವರ್ಷ ಹೆಂಡತಿಯ ಹೆಸರು ಮರೆತಿದ್ದ. ಯಾವ ಊರಿನಲ್ಲಿ ಯಾರ ಹಲ್ಲು ಮುರಿದೆ ಎಂಬುದನ್ನು ಮಾತ್ರ ಮರೆತಿರಲಿಲ್ಲ. ಅವನ ಹೆಂಡತಿ ಗಟ್ಟಿಗಿತ್ತಿ, ಅವನ ಮಿದುಳನ್ನು ಪಟ್ಟಣದ ಡಾಕ್ಟರುಗಳಿಗೆ ಕೊಟ್ಟಳು. ಅವರು ಅದನ್ನು ಕೊಯ್ದು ನೋಡಿ ಹೇಳಿದ್ದನ್ನು ಅವಳು ಇದೇ ಮೇಜಿನ ಮುಂದೆ ಕೂತು ನನಗೆ ಹೇಳಿದಳು. ಗೆದ್ದಲು ತಿಂದ ತೊಲೆಯ ಹಾಗಿತ್ತಂತೆ. ಹೊಡೆತಗಳಿಂದಂತೆ. ಒಂದೆರಡು ದೊಡ್ಡ ಹೊಡೆತಗಳಲ್ಲ, ಮತ್ತೆ ಮತ್ತೆ ಬಿದ್ದ ನೂರಾರು ಹೊಡೆತಗಳು.

ಈಗ ಕೇಳು ಗಾರ್ನೆಟ್. ಮುಂದಿನದನ್ನು ನಾನು ಪಾದ್ರಿಗೂ ಹೇಳಿಲ್ಲ.

ಮೊದಲೆಲ್ಲ ನಿಮ್ಮ ಜಗಳಗಳು ಬೇಗ ಮುಗಿಯುತ್ತಿದ್ದವು. ಎದುರಾಳಿ ಅಂಗಿ ಹಿಡಿದು ಎಳೆದರೆ ಅದು ತಲೆಯ ಮೇಲೆ ಬಂದು ಕಣ್ಣು ಕಾಣದು, ಕೈ ಆಡದು. ರೆಫರಿಗಳು ಬಂದು ಬಿಡಿಸುತ್ತಿದ್ದರು. ಓರೆಸ್ಟ್‌ಗೆ ಅದು ಅವಮಾನ. ಅಂಗಿ ಮೇಲೇಳದಂತೆ ಏನಾದರೂ ಮಾಡು ಅಜ್ಜಿ ಎಂದು ಗೋಗರೆದ. ಅಂಗಿಯ ಬೆನ್ನಿನ ಒಳಗೆ ಒಂದು ಪಟ್ಟಿ ಕೊಟ್ಟು, ಚಡ್ಡಿಗೆ ಸಿಕ್ಕಿಸುವಂತೆ ಗುಂಡಿ ಇಟ್ಟೆ. ಬೇರೆ ತಂಡಗಳಲ್ಲೂ ಅಂಥ ಪಟ್ಟಿ ಇತ್ತು, ಎರಡು ಸಲ ಎಳೆದರೆ ಕಿತ್ತು ಬರುವಂಥದ್ದು. ನಾನು ಕುದುರೆಯ ಸರಂಜಾಮು ಹೊಲಿಯುತ್ತಿದ್ದವನ ಮಗಳು. ನಮ್ಮಪ್ಪನ ಮೇಣದ ದಾರ ತೆಗೆದು ನಾಲ್ಕು ಸುತ್ತು ಹೊಲಿದೆ.

ಆ ಶನಿವಾರದ ಆಟ ನಿನಗೆ ನೆನಪಿರುತ್ತದೆ. ಎದುರು ತಂಡದ ಆ ಕೆಂಪುಗಡ್ಡದವನು ಎಳೆದ, ಮತ್ತೆ ಎಳೆದ. ಅಂಗಿ ಮೇಲೇಳಲಿಲ್ಲ. ಓರೆಸ್ಟ್ ನಿಂತೇ ಇದ್ದ. ನಿಂತದ್ದಕ್ಕೇ ಹೊಡೆತ ಬೀಳುತ್ತಲೇ ಹೋಯಿತು. ಕೊಟ್ಟ, ಅದಕ್ಕಿಂತ ಹೆಚ್ಚು ತಿಂದ. ನಾನೇನು ಮಾಡಿದೆ ಗೊತ್ತೇ? ಬೆಂಚಿನ ಮೇಲೆ ಹತ್ತಿ ನಿಂತು, "ನೋಡ್ರೋ ನನ್ನ ಹೊಲಿಗೇನಾ!" ಎಂದು ಕಿರುಚಿದೆ. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಮರುದಿನ ನೀವು ಮೂವರೂ ಅಂಗಿ ಹಿಡಿದು ಅಡುಗೆಮನೆ ಬಾಗಿಲಲ್ಲಿ ಸಾಲಾಗಿ ನಿಂತಿರಿ. "ನಮಗೂ ಅಂಥದ್ದೇ ಹಾಕ್ಕೊಡು ಅಜ್ಜಿ." ಹಾಕಿಕೊಟ್ಟೆ. ನಿನ್ನದಕ್ಕೆ ಐದು ಸುತ್ತು, ನೀನು ಎಲ್ಲರಿಗಿಂತ ದಪ್ಪ ಎಂದು.

ಹೆಮ್ಮೆಯಿಂದ ಮಾಡಿದ ಕೆಲಸ ಅದು. ಈಗ ಯಾರಾದರೂ ನನ್ನ ಹೊಲಿಗೆಯನ್ನು ಹೊಗಳಿದರೆ ಎದ್ದು ಒಳಗೆ ಹೋಗುತ್ತೇನೆ. ಈ ತಪ್ಪಿಗೆ ನನ್ನನ್ನು ಎದುರಿಗೆ ನಿಂತು ಬೈಯುವ ಹಕ್ಕಿದ್ದವರು ನಾಲ್ಕೇ ಜನ. ಮೂವರು ಬೈಯದೆ ಹೋದರು. ನೀನೂ ಹಾಗೆ ಹೋಗುವುದಕ್ಕೆ ನಾನು ಬಿಡುವುದಿಲ್ಲ. ಬೈಯಬೇಕು ನೀನು, ಬಾಯಿಗೆ ಬಂದ ಹಾಗೆ. ಕೇಳಲು ನಾನು ಸಿದ್ಧಳಿದ್ದೇನೆ.

ನಿನ್ನೆಯಿಂದ ನಿನಗೆ ಹನ್ನೊಂದು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಕೊನೆಗೆ ನಿನ್ನೂರಿನ ಅಂಗಡಿಯ ಬರ್ನಿಸ್‌ಗೆ ಮಾಡಿದೆ. ನಿನ್ನ ನಾಯಿಯ ವಿಷಯ ಹೇಳಿದಳು.

"ಗುರುವಾರ ಬಂದು ಬಿಟ್ಟು ಹೋದ ಕಣಮ್ಮ. ಸ್ವಲ್ಪ ದಿನ ನೋಡ್ಕೋ ಅಂದ."

"ಜೊತೆಗೇನು ಕೊಟ್ಟ?"

"ಅದರ ಬಟ್ಟಲು, ಹಾಸಿಗೆ... ಆಮೇಲೆ ತಿಂಡಿ ಮೂಟೆ, ಎರಡು. ಬೇಸಿಗೆ ತನಕ ಆಗತ್ತೆ."

ರೆಯಾಲ್‌ನ ಸೌಟು, ಎಲ್ಮರ್‌ನ ದೋಣಿ ನನಗೆ ನೆನಪಾದವು. ಇವತ್ತು ಬೆಳಿಗ್ಗೆ ಅವಳನ್ನು ನಿನ್ನ ಮನೆಗೆ ಓಡಿಸಿದವಳು ನಾನೇ. ನೀನು ಕಿಟಕಿಯ ಪರದೆ ಒಂದಿಷ್ಟು ಸರಿಸಿ, ಹೋಗು ಎಂದು ಕೈಯಾಡಿಸಿದೆಯಂತೆ, ಬಾಗಿಲು ತೆಗೆಯಲಿಲ್ಲವಂತೆ. ಹಾಡುಹಗಲಲ್ಲಿ ಒಳಗೆ ಕತ್ತಲೆಯಂತೆ. ಆ ಕತ್ತಲೆ ನನಗೆ ಹೊಸದಲ್ಲ ಕಣೋ. ಆದರೂ ಕೈಯಾಡಿಸಿದನಲ್ಲ, ಅಷ್ಟು ಸಾಕು ಎಂದು ಈ ಕಾಗದಕ್ಕೆ ಕೂತೆ.

ಕಾಲಿನ್‌ಗೆ ಬಟ್ಟೆ ವಾಪಸು ಕಳಿಸಿದ್ದೇನೆ, ಗೋಲ್ ಕೀಪರ್‌ನ ಹೆಸರೊಂದನ್ನೇ ಹೊಲಿದು. "ಮೊಫಟ್‌ದು ಎಲ್ಲಿ?" ಎಂದು ಅವನು ಕೇಳಿದರೆ, ಬದುಕಿರುವವರ ಮೇಲೆ ನನ್ನ ಸೂಜಿ ಓಡುವುದಿಲ್ಲ ಎಂದು ಬಟ್ಟೆ ಒಯ್ದವರು ಹೇಳಲಿ. ಓರೆಸ್ಟ್ ಪಕ್ಕದಲ್ಲಿ ಜಾಗವಿದೆಯೇ ಎಂದು ನೀನು ನನ್ನನ್ನು ಕೇಳಬೇಡ. ಇಲ್ಲ.

ನನ್ನ ಮೊಮ್ಮಗಳು ಡಾರ್ಕಾ ಆಸ್ಪತ್ರೆಯಲ್ಲಿ ನರ್ಸು. ಸಂಜೆ ಅವಳ ಕೆಲಸ ಮುಗಿಯುತ್ತದೆ, ನಾಳೆ ಬೆಳಗಾಗುತ್ತಲೇ ಅವಳ ಗಾಡಿಯಲ್ಲಿ ಹೊರಟು ಬರುತ್ತೇವೆ. ನಿನ್ನಂಥ ತಲೆಗಳನ್ನು ನೋಡುವ ಡಾಕ್ಟರು ಪಟ್ಟಣದಲ್ಲಿದ್ದಾರೆ, ಅವಳು ಮಾತಾಡಿದ್ದಾಳೆ. ವಾಸಿ ಮಾಡುತ್ತಾರೆ ಎಂದು ನಾನು ಸುಳ್ಳು ಹೇಳುವುದಿಲ್ಲ. ನಿದ್ದೆ ಬರುವಂತೆ ಮಾಡುತ್ತಾರಂತೆ. ತಲೆಯೊಳಗಿನ ಆ ಮೊಳೆಯನ್ನು ಸ್ವಲ್ಪ ಸಡಿಲಿಸುತ್ತಾರಂತೆ. ಓರೆಸ್ಟ್‌ನ ತಲೆಯನ್ನು ಸತ್ತ ಮೇಲೆ ನೋಡಿದರು. ನಿನ್ನದನ್ನು ನೀನು ಕಣ್ಣು ಬಿಟ್ಟುಕೊಂಡು ಕೂತಿರುವಾಗಲೇ ನೋಡಲಿ.

ಉಳಿದಿರುವುದು ಇವತ್ತೊಂದು ದಿನ. ಇದೊಂದನ್ನು ದಾಟಿಸಬೇಕು, ಅಷ್ಟೇ ನನ್ನ ಯೋಚನೆ.

ಹನ್ನೊಂದು ಗಂಟೆಯ ಬಸ್ಸಿನ ಡ್ರೈವರ್ ಕೈಯಲ್ಲಿ ಈ ಕಾಗದ ಕೊಡುತ್ತೇನೆ. ಮೂರಕ್ಕೆ ಅದು ಬರ್ನಿಸ್ ಕೈ ಸೇರುತ್ತದೆ. ನಿನ್ನ ಬಾಗಿಲ ಸಂದಿಯಿಂದ ಒಳಗೆ ತಳ್ಳುವವಳು ಅವಳೇ. ತಳ್ಳಿ ಹೊರಟುಹೋಗಬೇಡ, ಬಾಗಿಲು ತೆರೆಯುವ ತನಕ ಅಲ್ಲೇ ನಿಲ್ಲು ಎಂದಿದ್ದೇನೆ. ನಿಲ್ಲುತ್ತೇನೆ ಎಂದಿದ್ದಾಳೆ. ಇಷ್ಟು ಹೊತ್ತು ನೀನು ಓದುತ್ತಿದ್ದಾಗ ಅವಳು ನಿನ್ನ ಮೆಟ್ಟಿಲ ಮೇಲೆ ನಿಂತೇ ಇದ್ದಾಳೆ. ಅವಳಿಗೆ ಎಪ್ಪತ್ತೊಂದು ವರ್ಷ, ಮಂಡಿನೋವು ಬೇರೆ. ಹೊರಗೆ ಮೈನಸ್ ಮೂವತ್ತೊಂದು ಡಿಗ್ರಿ ಚಳಿ. ತನ್ನವರಿಗೆ ಏಟು ಬೀಳುವುದನ್ನು ನೋಡುತ್ತ ಸುಮ್ಮನೆ ಕೂತಿರುವವನಲ್ಲ ನೀನು, ಅದಕ್ಕೇ ಅಲ್ಲವೇ ನಿನಗೆ ಸಂಬಳ ಕೊಡುತ್ತಿದ್ದದ್ದು? ಏಳು. ಬಾಗಿಲು ತೆಗೆದು ಅವಳನ್ನು ಒಳಗೆ ಕರೆ. ಬೇಟೆ ಬಂದೂಕಿಟ್ಟ ಬೀರುವಿನ ಕೀಲಿ ಅವಳ ಕೈಗೆ ಕೊಡು. ಯಾಕೆ ಎಂದು ಅವಳು ಕೇಳುವುದಿಲ್ಲ. ಆಮೇಲೆ ಇಬ್ಬರೂ ಕಾಫಿ ಕುಡಿಯಿರಿ. ಅವಳ ಕಾಫಿ ಕಲಗಚ್ಚು ಎಂದು ನನಗೆ ಗೊತ್ತು, ಆದರೂ ಕುಡಿ. ನಾನು ಬರುವ ತನಕ ಅವಳು ಹೋಗುವುದಿಲ್ಲ.

ನನ್ನ ಶವಪೆಟ್ಟಿಗೆಗೆ ಹೆಗಲು ಕೊಡುವಷ್ಟು ಕಾಲ ನೀನು ಬಾಳು, ದೇವರು ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ.

ನಿನ್ನ ಬೈಗುಳ ಕೇಳಲು ಹೊರಟು ನಿಂತಿರುವ,
ಪರಸ್ಕಾ ಅಜ್ಜಿ