ನಾವೇ ನಿಭಾಯಿಸುತ್ತೇವೆ

ಜನವರಿ 14, ಮಂಗಳವಾರ
ಮೈನಸ್ ಹದಿನೆಂಟು ಡಿಗ್ರಿ. ಗಾಳಿ ಇಲ್ಲ. ಏಳಕ್ಕೆ ಅಂಗಳದ ಹಿಮ ತಳ್ಳಿದೆ. ಎಂಟಕ್ಕೆ ಆರೈಕೆ ಮನೆ. ಹೆಂಡತಿ ಇರ್ಯಾಗೆ ಓಟ್ಸ್ ಗಂಜಿ ತಿನ್ನಿಸಿದೆ, ನಲವತ್ತು ನಿಮಿಷ. ಲಕ್ವ ಹೊಡೆದ ಮೇಲೆ ನುಂಗುವುದನ್ನೇ ಮರೆಯುತ್ತಾಳೆ. ಗಂಟಲ ಮೇಲೆ ಎರಡು ಬೆರಳಿಟ್ಟು ಮೇಲಿಂದ ಕೆಳಗೆ ಸವರಬೇಕು, ಆಗ ಇಳಿಯುತ್ತದೆ. ನಾನೇ ಕಂಡುಕೊಂಡ ಉಪಾಯ. ನರ್ಸುಗಳಿಗೆ ಅಷ್ಟು ಪುರುಸೊತ್ತೆಲ್ಲಿ.

ಆಮೇಲೆ ಪೆಟ್ರೋಲ್ ಬಂಕಿನ ಕಾಫಿ ಮೇಜು. ಕಲೇರ್ವೊ ಪೇಪರ್ ಹಿಡಿದು ಕಾಯುತ್ತಿದ್ದ. ಕಾಗದದ ಕಾರ್ಖಾನೆಯಲ್ಲಿ ಯೂನಿಯನ್ ಲೀಡರ್ ಆಗಿದ್ದವನು, ಇನ್ನೂ ಆ ಚಾಳಿ ಬಿಟ್ಟಿಲ್ಲ.

"ನೋಡ್ರಪ್ಪ, ಇನ್ನೂ ನರ್ಸುಗಳನ್ನ ಕಮ್ಮಿ ಮಾಡ್ತಾರಂತೆ. ಯುದ್ಧವಿಮಾನಕ್ಕೆ ದುಡ್ಡಿದೆ, ಮುದುಕರ ಕುಂಡೆ ತೊಳೆಯೋಕಿಲ್ಲ."

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಕಣೋ," ಅಂದೆ. "ದೇಶದ ಸಾಲ ತೀರಿಸೋರ್ಯಾರು? ನಿನ್ನ ಮೊಮ್ಮಕ್ಕಳು."

"ನನ್ನ ಮೊಮ್ಮಕ್ಕಳು ಸ್ವೀಡನ್ನಲ್ಲಿದಾವೆ. ಅಲ್ಲಿನ ಸಾಲ ತೀರಿಸ್ತವೆ ಬಿಡು."

ಎಲ್ಲರೂ ನಕ್ಕರು. ನನಗೆ ಸಿಟ್ಟು. ಅರ್ಧ ಬನ್ ಬಿಟ್ಟು ಎದ್ದು ಬಂದೆ. ಹದಿಮೂರಕ್ಕೆ ಶಾಲೆ ಬಿಟ್ಟು ಕಾಡಿಗೆ ಮರ ಕಡಿಯಲು ಹೋದವನು ನಾನು. ಸರ್ಕಾರದ ಹತ್ತಿರ ಒಂದು ಗರಗಸ ಕೇಳಿದವನಲ್ಲ.

ಜನವರಿ 16, ಗುರುವಾರ
ಮೈನಸ್ ಇಪ್ಪತ್ತೊಂದು. ಆರೈಕೆ ಮನೆಗೆ ಅಳತೆಯವಳು ಬಂದಿದ್ದಳು. ಯಾರಿಗೆ ದಿನಕ್ಕೆ ಎಷ್ಟು ನಿಮಿಷದ ಆರೈಕೆ ಬೇಕು ಎಂದು ಬರೆದುಕೊಳ್ಳುತ್ತಾಳೆ. ಆ ಲೆಕ್ಕದ ಮೇಲೆ ನರ್ಸುಗಳ ಸಂಖ್ಯೆ. ಚಿಕ್ಕ ವಯಸ್ಸು, ಕೈಯಲ್ಲಿ ಟ್ಯಾಬ್ಲೆಟ್. ಅವಳು ಬರುವ ಮೊದಲೇ ಇರ್ಯಾಳ ಮುಖ ತೊಳೆದು, ತಲೆ ಬಾಚಿ, ನೀಲಿ ಸ್ವೆಟರ್ ಹಾಕಿ ಕೂರಿಸಿದ್ದೆ.

"ಸ್ವತಃ ತಿಂತಾರಾ?"

"ತಿಂತಾಳೆ."

"ನಡೀತಾರಾ?"

"ಹಬೆಸ್ನಾನದ ಸೌನಾವರೆಗೂ ನಡೀತಾಳೆ."

ನಡೆಯುವಾಗ ನನ್ನ ಎರಡೂ ಕೈ ಅವಳ ಕಂಕುಳಲ್ಲಿರುತ್ತವೆ. ಅದನ್ನು ಅಳತೆಯವಳು ಕೇಳಲಿಲ್ಲ.

"ನಿಮಗೇನಾದ್ರೂ ಕಷ್ಟ...?"

"ಏನಿಲ್ಲ. ನಾವೇ ನಿಭಾಯಿಸ್ತೀವಿ."

ನರ್ಸ್ ಮಾರ್ಯುತ್ ಬಾಗಿಲಲ್ಲಿ ನಿಂತು ಕೆಮ್ಮಿದ್ದೇ ಕೆಮ್ಮಿದ್ದು. ಏನು ಶೀತವೋ. ಟ್ಯಾಬ್ಲೆಟ್ ಮೇಲೆ ಬೆರಳಲ್ಲಿ ಸಹಿ ಹಾಕಿದೆ.

ಇರ್ಯಾಗೆ ಮಾತು ಹೋಗಿದೆ, ಕಿವಿ ಹೋಗಿಲ್ಲ. ಮೂವತ್ತು ವರ್ಷ ಸ್ಕೀ ಮೇಲೆ ಅಂಚೆ ಹಂಚಿದ ಹೆಂಗಸು. ಅವಳ ಎದುರಿಗೇ ಕೂತು ಇಲ್ಲ, ಆಗಲ್ಲ, ಇಲ್ಲ ಎಂದು ಹೇಳಲೇ?

ಜನವರಿ 31, ಶುಕ್ರವಾರ
ಕಾಗದ ಬಂತು. ಇರ್ಯಾ ಈಗ "ಹಗುರ ಆರೈಕೆ". ಬೆಳಗಿನ ಪಾಳಿಯಲ್ಲಿ ಇಪ್ಪತ್ತನಾಲ್ಕು ಜನಕ್ಕೆ ಇಬ್ಬರೇ ನರ್ಸುಗಳು. ಮಾರ್ಯುತ್‌ಳನ್ನು ಹಿಡಿದು ಕೇಳಿದೆ — ಆ ಮೂರನೆಯ ನರ್ಸ್ ಎಲ್ಲಿ?

"ಸೋಮವಾರದಿಂದ ಇಲ್ಲ. ನೀವೊಬ್ರೇ ಅಲ್ಲ ತೈಸ್ತೊ, ಈ ಕೋಣೆಸಾಲಿನ ಹೆಂಗಸರ ಗಂಡಂದಿರೆಲ್ಲ ಅದೇ ಹೇಳಿದ್ದು. ನಿಭಾಯಿಸ್ತೀವಿ, ನಿಭಾಯಿಸ್ತೀವಿ. ನಿಮಿಷ ಎಲ್ಲ ಕೂಡಿಸಿ ನೋಡಿದ್ರು, ಒಬ್ಬಳು ನರ್ಸ್ ಜಾಸ್ತಿ ಅಂತ ಬಂತು."

"ನಂಗ್ಯಾಕೆ ಮೊದಲೇ ಹೇಳ್ಲಿಲ್ಲ?"

"ಕೆಮ್ಮಿದೆನಲ್ಲ!"

ರೇಗಿದೆ. ಅವಳು ಗ್ಲೌಸ್ ಬದಲಿಸಿಕೊಂಡು ಹೋದಳು. ಅವಳ ಬೆನ್ನೂ ಬಾಗಿದೆ.

ಫೆಬ್ರವರಿ 3, ಸೋಮವಾರ
ಹೊರಗೆ ಮೈನಸ್ ಇಪ್ಪತ್ತಾರು. ನನಗೆ ಜ್ವರ, ಮೂವತ್ತೊಂಬತ್ತು. ಫ್ಲೂ. ಮಾರ್ಯುತ್‌ಗೆ ಫೋನ್ ಮಾಡಿದೆ.

"ಬರಲೇಬೇಡಿ. ಇಲ್ಲಿ ಒಬ್ಬರಿಗೆ ಹತ್ತಿದ್ರೆ ಎಲ್ರಿಗೂ."

"ಗಂಟಲು ಸವರಬೇಕು. ಎರಡು ಬೆರಳು. ಮೇಲಿಂದ ಕೆಳಕ್ಕೆ..."

"ಗೊತ್ತು. ಎಲ್ರಿಗೂ ಹೇಳ್ತೀನಿ."

ಎಲ್ಲರಿಗೂ ಅಂದರೆ ಇನ್ನೊಬ್ಬಳಿಗೆ.

ಫೆಬ್ರವರಿ 5
ಕೆಮ್ಮು. ಹೊರಗಿನ ಚಳಿ ನೋಡಿಲ್ಲ.

ಫೆಬ್ರವರಿ 17, ಸೋಮವಾರ
ಮೈನಸ್ ಒಂಬತ್ತು. ಎರಡು ವಾರದ ಮೇಲೆ ಹೋದೆ.

ನಾಲ್ಕು ಕಿಲೋ ಇಳಿದಿದ್ದಾಳೆ. ತುಟಿ ಒಡೆದಿದೆ. ಸೊಂಟದ ಮೇಲೆ ಕಾಫಿ ತಟ್ಟೆಯಗಲ ಹುಣ್ಣು, ಮಲಗಿದಲ್ಲೇ ಮಲಗಿಸಿ ಆದದ್ದು. ಮೊಣಕಾಲು ಮಡಚಿಕೊಂಡಿವೆ, ಚಾಚಲು ಬರುತ್ತಿಲ್ಲ. ಎದುರಿನ ಮೇಜಿನ ಮೇಲೆ ಬೆಳಗಿನ ಗಂಜಿ, ಗಟ್ಟಿಯಾಗಿ ಚಮಚ ನೆಟ್ಟಗೆ ನಿಂತಿದೆ. ಮಂಚದ ತುದಿಯ ಹಾಳೆಯಲ್ಲಿ: ಸ್ವತಃ ತಿನ್ನುತ್ತಾರೆ.

ಮಾರ್ಯುತ್ ಕಣ್ಣೊರೆಸಿಕೊಂಡಳು. "ನಾನಿದ್ದ ದಿನ ತಿನ್ನಿಸಿದೀನಿ ತೈಸ್ತೊ. ರಜದ ದಿನ ಏಜೆನ್ಸಿಯಿಂದ ಬರೋರು ಹಾಳೆ ನೋಡ್ತಾರೆ. ಎದುರಿಗೆ ಇಟ್ಟು ಹೋಗ್ತಾರೆ. ಅರ್ಧ ಗಂಟೆ ಬಿಟ್ಟು ತಟ್ಟೆ ತೆಗೀತಾರೆ."

ಬೈಯಲು ಬಾಯಿ ತೆರೆದೆ. ಯಾರನ್ನು ಬೈಯುವುದು? ಅದಕ್ಕೆ ಸಹಿ ಹಾಕಿದ್ದು ನಾನೇ.

ಫೆಬ್ರವರಿ 24, ಸೋಮವಾರ
ಮೈನಸ್ ಎರಡು. ಬಂಕಿಗೆ ಹೋದೆ. ಮೇಜಿನಲ್ಲಿ ಮತ್ತೆ ಸಾಲದ ಮಾತು. ವಾದದಲ್ಲಿ ನನ್ನ ಕಡೆಯವರೇ ಗೆಲ್ಲುತ್ತಿದ್ದರು. ಎಲ್ಲರೂ ಎದ್ದುಹೋದ ಮೇಲೆ ಕಲೇರ್ವೊಗೆ ಹೇಳಿಬಿಟ್ಟೆ, ಅಳತೆಯವಳು ಕೇಳಿದ್ದಕ್ಕೆಲ್ಲ ಸುಳ್ಳು ಹೇಳಿದೆ ಎಂದು. ಈಗ ಹಂಗಿಸುತ್ತಾನೆ ಅಂದುಕೊಂಡೆ. ಅವನು ಕಪ್ ತಿರುಗಿಸುತ್ತಾ ಕೂತ.

"ನನ್ನವಳ ಕಡೇ ಚಳಿಗಾಲದಲ್ಲಿ ನಾನೂ ಅದನ್ನೇ ಹೇಳ್ದೆ ಕಣೋ. ಯೂನಿಯನ್ನಲ್ಲಿ ಮೂವತ್ತು ವರ್ಷ ಬೇಕು, ಬೇಕು ಅಂತ ಕೂಗಿದೋನು. ಮನೆ ವಿಷಯ ಬಂದಾಗ ಬಾಯೇ ಬರ್ಲಿಲ್ಲ."

ಸಾಲ ಸಾಲವೇ. ಈಗಲೂ ಅದೇ ಅನ್ನುತ್ತೇನೆ. ಆದರೆ ಕಾಲು ಮಡಚಿಕೊಂಡವರು ಯಾರು? ಮೇಜಿನಲ್ಲಿ ಕೂತವರಲ್ಲ.

ಮಾರ್ಚ್ 3, ಸೋಮವಾರ
ಪ್ಲಸ್ ಒಂದು. ಗಂಜಿ ಇಪ್ಪತ್ತು ಚಮಚ ಇಳಿಯಿತು. ಬರೀ ಇಪ್ಪತ್ತು.

ಮಾರ್ಯುತ್ ಬಟ್ಟೆ ಕೋಣೆಗೆ ಕರೆದು ಬಾಗಿಲು ಹಾಕಿದಳು. ಹುಣ್ಣು ತೋರಿಸಿ ಮರು ಅಳತೆ ಕೇಳಿದ್ದಳಂತೆ. ನಾಳೆ ಹತ್ತೂವರೆಗೆ ಅಳತೆಯವಳು ಬರುತ್ತಾಳೆ.

"ನಾಳೆ ನೀವು ಬರಬೇಡಿ."

"ತಿನ್ನಿಸೋರು?"

"ಅದೇ. ಯಾರೂ ತಿನ್ನಿಸದೆ ಇದ್ರೆ ಹೇಗಿರ್ತಾರೆ ಅಂತ ಅವಳು ಕಣ್ಣಾರೆ ನೋಡ್ಲಿ. ನೀವಿದ್ರೆ ಮತ್ತೆ ತೊಳೆದು ಬಾಚಿ ಕೂರಿಸ್ತೀರ. ಇದು ತಪ್ಪಿದ್ರೆ ಮುಂದಿನ ಅಳತೆ ಶರತ್ಕಾಲಕ್ಕೆ. ಅಲ್ಲೀವರೆಗೂ ಇರ್ಯಾ..."

"ನೀನೂ ತಿನ್ನಿಸಲ್ವಾ?"

"ನನ್ನ ಕೈಲಿ ಹನ್ನೆರಡು ಜನ ಇದಾರೆ ತೈಸ್ತೊ. ಅವರ ಪಾಡು ನಂಗೂ ಕಾಣುತ್ತೆ. ಒಂದು ಬೆಳಿಗ್ಗೆ. ಒಂದೇ ಒಂದು."

ಸರಿ ಅಂದೆ. ಇರ್ಯಾಗೆ ಹೇಳಬೇಕೆಂದು ಕೋಣೆಗೆ ಹೋದೆ. ಕೈ ಹಿಡಿದು ಕೂತೆ. ಹೇಳಲಿಲ್ಲ.

ಮಾರ್ಚ್ 4, ಮಂಗಳವಾರ
7.10. ಪ್ಲಸ್ ಮೂರು. ಸೂರಿನಿಂದ ನೀರು ತೊಟ್ಟಿಕ್ಕುತ್ತಿದೆ. ತಳ್ಳಲು ಹಿಮವೂ ಇಲ್ಲ.

8.00. ಈಗ ಗಂಜಿ ತಂದಿಡುತ್ತಾರೆ.

8.20. ನನ್ನ ಕಾಫಿ ಹಾಗೇ ಇದೆ. ನನ್ನ ಗಂಟಲ ಮೇಲೆ ಎರಡು ಬೆರಳಿಟ್ಟು ಸವರಿ ನೋಡಿದೆ. ಹುಚ್ಚು ಮುದುಕ.

8.45. ತಟ್ಟೆ ತೆಗೆದಿರುತ್ತಾರೆ. ಅಥವಾ ಮಾರ್ಯುತ್ ಬಿಟ್ಟಿರುತ್ತಾಳೆ, ಅಳತೆಯವಳು ನೋಡಲೆಂದು.

9.15. ಬೂಟು ಹಾಕಿಕೊಂಡೆ. ಬಿಚ್ಚಿದೆ.

9.40. ಇಲ್ಲ, ತಿನ್ನುವುದಿಲ್ಲ. ಇಲ್ಲ, ನಡೆಯುವುದಿಲ್ಲ. ಇಲ್ಲ, ನಿಭಾಯಿಸಲು ಆಗುವುದಿಲ್ಲ. ಅಡುಗೆಮನೆಯಲ್ಲಿ ಜೋರಾಗಿ ಹೇಳಿದೆ. ಇಲ್ಲಿ ಹೇಳಲು ಬರುತ್ತದೆ.

10.05. ಮತ್ತೆ ಬೂಟು ಹಾಕಿದ್ದೇನೆ. ಕಾರಿನ ಕೀ ಕೈಯಲ್ಲಿದೆ. ನಾಲ್ಕು ನಿಮಿಷದ ದಾರಿ. ಅಳತೆಯವಳು ಬರಲು ಇನ್ನೂ ಇಪ್ಪತ್ತೈದು ನಿಮಿಷ. ಎಂಟು ಗಂಟೆಯಿಂದ ಇರ್ಯಾ ಬಾಗಿಲ ಕಡೆ ನೋಡುತ್ತಾ, ನನ್ನ ಬೂಟಿನ ಸದ್ದಿಗೆ ಕಿವಿಗೊಟ್ಟು, ಬಾಯಿ ತೆರೆದು—