ನೀಲಿ ಉಂಗುರದ ಹಕ್ಕಿ

ಕೆರೆದಂಡೆಯ ಕ್ಯಾಂಪಿನಿಂದ,
ಮಂಗಳವಾರ, ೧೬ ಏಪ್ರಿಲ್

ನನ್ನ ಮುದ್ದಿನ ಅಕ್ಕಾ,

ಹೇಗಿದ್ದೀಯೇ? ಕಾಲಿನ ಪ್ಲಾಸ್ಟರ್ ಬಿಚ್ಚಿದರಾ? ಭಾವನೇ ಅಡುಗೆ ಮಾಡ್ತಿದ್ದಾರಂತೆ. ಅದನ್ನು ತಿಂದೂ ಚೇತರಿಸಿಕೊಳ್ತಿದ್ದೀಯ ಅಂದ್ರೆ ನೀನು ಗಟ್ಟಿಗಿತ್ತಿ ಬಿಡು. ನಾನಂತೂ ಒಂದು ವಾರದಿಂದ ಈ ಲೋಕದಲ್ಲೇ ಇಲ್ಲ.

ನನ್ನ ಕೆಲಸ ಗೊತ್ತಲ್ಲ, ಬಲೆಗೆ ಬಿದ್ದ ಹಕ್ಕಿಯನ್ನು ತೂಗಿ, ಕಾಲಿಗೆ ಉಂಗುರ ಹಾಕಿ ಹಾರಿಬಿಡೋದು. ಗಂಡಿಗೆ ಕೆಂಪು, ಹೆಣ್ಣಿಗೆ ನೀಲಿ. ಎರಡೂ ನೋಡೋಕೆ ಒಂದೇ ಥರ, ರೆಕ್ಕೆ ಅಳೆದೇ ಹೇಳಬೇಕು. ಆದರೆ ಹಾಡೋದು ಗಂಡು ಮಾತ್ರ ಅಂತ ನಮ್ಮ ಕ್ಯಾಂಪ್ ನಡೆಸೋ ಮೇಷ್ಟ್ರು ತಮ್ಮ ಪುಸ್ತಕದಲ್ಲೇ ಬರೆದಿದ್ದಾರೆ. ಕಳೆದ ಬುಧವಾರ ಬೆಳಿಗ್ಗೆ ಪೊದೆಯ ತುದಿಯಲ್ಲಿ ಒಂದು ಹಕ್ಕಿ ಗಂಟಲು ಬಿಚ್ಚಿ ಹಾಡ್ತಿತ್ತು. ದುರ್ಬೀನು ಎತ್ತಿ ನೋಡಿದರೆ ಕಾಲಲ್ಲಿ ನೀಲಿ ಉಂಗುರ! ಮೈ ಜುಮ್ಮೆಂದಿತು ಕಣೇ.

ಮೇಷ್ಟ್ರು ನಲವತ್ತು ವರ್ಷ ಈ ಹಕ್ಕಿಗಳ ಹಿಂದೆ ಅಲೆದವರು. ನಾನೋ, ಉಂಗುರ ಹಾಕೋಳು. ಸುಮ್ಮನಿದ್ದುಬಿಡೋಣ ಅನ್ನಿಸಿತು. ಆಮೇಲೆ, ಕಂಡದ್ದನ್ನು ನುಂಗಿಕೊಂಡು ನಿದ್ದೆ ಬರುತ್ತಾ ಅಂತ, ಹೋಗಿ ಹೇಳಿಯೇ ಬಿಟ್ಟೆ. "ಉಂಗುರ ಅದಲುಬದಲು ಮಾಡಿರ್ತೀಯಮ್ಮ" ಅಂದರು. ಆದರೂ ಮರುದಿನ ಸ್ಟೂಲು ಹಿಡಿದುಕೊಂಡು ತಾವೇ ಬಂದರು. ಎರಡು ಗಂಟೆ ಅಲ್ಲಾಡದೆ ಕೂತರು. ಅದು ಹಾಡಿತು. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. "ಹಾಡೋದು ಗಂಡೇ ಅಂತ ನಮಗೆ ಹೇಗೆ ಗೊತ್ತಾಯ್ತು?" ಅಂದರು. "ನೀವೇ ಬರೆದಿದ್ದೀರಲ್ಲ ಸರ್" ಅಂದೆ. "ಬರೆದೆ. ಹಿಡಿದು ನೋಡಲಿಲ್ಲ. ಈಗ ನನ್ನ ಮಾತೂ ಬೇಡ, ನಿನ್ನ ಮಾತೂ ಬೇಡ. ಗಂಡೋ ಹೆಣ್ಣೋ ಅಂತ ರಕ್ತ ಪರೀಕ್ಷೆಗೆ ಕಳಿಸೋಣ" ಅಂದರು.

ಅವತ್ತೇ ಅದನ್ನು ಹಿಡಿದು ಒಂದೇ ಒಂದು ಹನಿ ರಕ್ತ ತೆಗೆದೆವು. ನನ್ನ ಅಂಗೈಯಲ್ಲಿ ಅದರ ಎದೆ ಎಷ್ಟು ಜೋರಾಗಿ ಹೊಡ್ಕೊಳ್ತಿತ್ತು ಗೊತ್ತಾ? ಇಷ್ಟೇ ಇಷ್ಟು ಜೀವ, ಅಷ್ಟು ದಪ್ಪದ ಪುಸ್ತಕಕ್ಕೆ ಎದುರು ನಿಂತಿದೆ ಅನ್ನಿಸಿತು. ಮೆಲ್ಲಗೆ ಅಂಗೈ ಬಿಚ್ಚಿ ಹಾರಿಬಿಟ್ಟೆ.

ಭಾವನಿಗೆ ನಮಸ್ಕಾರ, ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು. ನೀನು ಮೆಟ್ಟಿಲು ಹತ್ತೋ ಸಾಹಸ ಮಾಡಬೇಡ.

ನಿನ್ನ ತಂಗಿ,
ಚೋಟು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಲ್ಯಾಬಿನಿಂದ ಫೋನ್ ಬಂತು. ಹೆಣ್ಣೇ ಅಕ್ಕಾ, ಹೆಣ್ಣೇ! ಮೇಷ್ಟ್ರು ಹಳೇ ನೋಟ್‌ಬುಕ್ಕುಗಳನ್ನೆಲ್ಲ ಕಪಾಟಿನಿಂದ ಇಳಿಸಿಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದಾರೆ. 'ಹಾಡುತ್ತಿದೆ, ಗಂಡು' ಅಂತ ಇರುವ ಕಡೆಯಲ್ಲೆಲ್ಲ ಪೆನ್ಸಿಲಿನಲ್ಲಿ ಪ್ರಶ್ನೆಚಿಹ್ನೆ ಹಾಕ್ತಿದ್ದಾರೆ. ನಲವತ್ತು ವರ್ಷದ ಪುಟಗಳು! ಬೇಜಾರಾಗಿರಬಹುದು ಅಂತ ಟೀ ತಗೊಂಡು ಹೋದರೆ, ತಲೆಯೆತ್ತಿ ನಕ್ಕು, ಇನ್ನೊಂದು ಪೆನ್ಸಿಲು ನನ್ನ ಕೈಗೆ ಕೊಟ್ಟರು.