ಗೊಂಬೆ ನುಂಗಿದವರ ಪರವಾಗಿ ಒಂದು ಮಸೂದೆ

ನಮ್ಮ ಕ್ಷೇತ್ರದ ಮಾನ್ಯ ಸಂಸತ್ ಸದಸ್ಯರೇ,

ಪರದೇಶದವರು ನಮ್ಮ ಬ್ಯಾಂಕುಗಳಲ್ಲಿಟ್ಟ ಠೇವಣಿಗೆ ಎಷ್ಟು ಬಡ್ಡಿ ಬಂತೆಂದು ತೆರಿಗೆ ಇಲಾಖೆಗೆ ತಿಳಿಸಬೇಕೆಂಬ ನಿಯಮವನ್ನು ತಡೆಯಲು ತಾವು ಮಸೂದೆ ಮಂಡಿಸಿದ್ದೀರಿ. ಗಡಿಯೂರು ಲರೇಡೋದ ಮತದಾರಳಾಗಿ ನನ್ನ ಸಂತೋಷವನ್ನು ಏನೆಂದು ಹೇಳಲಿ! ನನ್ನ ಉಳಿತಾಯ ಖಾತೆಯ ಬಡ್ಡಿಗೆ ಒಂದು ಜೊತೆ ಚಪ್ಪಲಿಯೂ ಬರುವುದಿಲ್ಲ. ಆದರೂ ಬ್ಯಾಂಕಿನವರು ಪ್ರತಿ ವರ್ಷ ಅದನ್ನು ಚಾಚೂ ತಪ್ಪದೆ ಇಲಾಖೆಗೆ ತಿಳಿಸುತ್ತಾರೆ. ನನ್ನ ಖಾಸಗಿತನದ ಬಗ್ಗೆ ತಾವು ಒಂದು ದಿನವೂ ನಿದ್ದೆಗೆಟ್ಟಂತೆ ಕಾಣೆ.

ಆ ಲೆಕ್ಕ ಗಡಿಯ ನದಿಯಾಚೆಯ ದೇಶದ ಸರ್ಕಾರಕ್ಕೆ ತಲುಪಿದರೆ ಅಲ್ಲಿಂದ ಸೋರಿ ಅಪಹರಣಕಾರರ ಕೈ ಸೇರುತ್ತದೆ ಎಂದಿರಿ. ಭಯ ಸುಳ್ಳೆನ್ನಲಾರೆ. ಆಚೆ ದಡದ ನ್ಯೂವೋ ಲರೇಡೋದಲ್ಲಿ ನನ್ನ ತಂಗಿ ಒಫೇಲಿಯಾಳ ಬೀದಿಯಲ್ಲೇ ಪಂಕ್ಚರ್ ಹಾಕುವವನೊಬ್ಬನನ್ನು ಎತ್ತಿಕೊಂಡು ಹೋದರು. ಅವನಿಗೆ ಬ್ಯಾಂಕ್ ಖಾತೆಯೇ ಇರಲಿಲ್ಲ. ಇನ್ನು ನಮ್ಮೂರ ಬ್ಯಾಂಕಿನಲ್ಲಿ ಠೇವಣಿ ಇಟ್ಟಿರುವ ಫೆರ್ಮಿನ್ ಧಣಿಗಳ ಸಿರಿತನ ತಿಳಿಯಲು ಯಾರಿಗಾದರೂ ಇಲಾಖೆಯ ಕಡತ ಬೇಕೇ? ಆಚೆ ದಡದ ಅವರ ಕಾರ್ಖಾನೆಯ ನೆತ್ತಿಯ ಮೇಲೆ ಬಸ್ಸಿನಷ್ಟು ಉದ್ದಕ್ಕೆ ಅವರ ಹೆಸರೇ ಇದೆಯಲ್ಲ!

ಧಣಿಗಳು ತಮಗೆ ಹೊಸಬರಲ್ಲ. ಕ್ರಿಸ್‌ಮಸ್ ಕಳೆದು ಜನವರಿ ಆರಕ್ಕೆ ಬರುವ ಮೂರು ರಾಜರ ಹಬ್ಬದ ದಿನ ಬ್ಯಾಂಕಿನಲ್ಲಿ ಅವರ ಪಕ್ಕದಲ್ಲೇ ನಿಂತು, ನಾನು ಬೇಯಿಸಿ ತಂದ ರೋಸ್ಕಾ ಬ್ರೆಡ್ಡು ತಿಂದಿರಿ. ಒಳಗೆ ಹುದುಗಿಸಿಟ್ಟ ಪುಟ್ಟ ಗೊಂಬೆ ಯಾರ ತುಂಡಿನಲ್ಲಿ ಸಿಗುತ್ತದೋ ಅವರು ಫೆಬ್ರವರಿ ಎರಡಕ್ಕೆ ಎಲ್ಲರಿಗೂ ತಮಾಲೆ ಕಡುಬು ಉಣಿಸಬೇಕೆಂಬುದು ಪದ್ಧತಿ. ಬ್ರೆಡ್ಡು ಮುಗಿಯಿತು, ಗೊಂಬೆ ಸಿಗಲಿಲ್ಲ. ಧಣಿಗಳ ಒಂದು ಕೆನ್ನೆ ಮಾತ್ರ ಉಬ್ಬಿತ್ತು.

“ಏನ್ ಧಣಿ, ಹಲ್ಲು ನೋವಾ?” ಎಂದೆ.

“ಹೂಂ ಕಣಮ್ಮ ಎಲ್ವಿರಾ, ದವಡೆ ಹಲ್ಲು. ಪ್ರಾಣ ಹೋಗ್ತಿದೆ,” ಎಂದು ಒಂದು ಗುಟುಕು ಕಾಫಿ ಕುಡಿದು ಬಾಯಲ್ಲಿದ್ದುದನ್ನು ನುಂಗಿಯೇ ಬಿಟ್ಟರು.

ತಾವು ನಕ್ಕು, “ಹೋಗ್ಲಿ ಬಿಡಮ್ಮ, ದೊಡ್ಡೋರ ಬಾಯಿಗೆ ಕೈ ಹಾಕ್ತಾರಾ? ನೀನೇ ಗೊಂಬೆ ಹಾಕೋದು ಮರ್ತಿರ್ಬೇಕು,” ಎಂದಿರಿ.

ಆ ವರ್ಷ ತಮಾಲೆ ಮಾಡಿ ಬಡಿಸಿದವಳು ನಾನು. ಬೇಕರಿಯ ಹೆಸರು ಕೆಡಬಾರದಲ್ಲ.

ಒಫೇಲಿಯಾ ಅದೇ ಧಣಿಗಳ ಕಾರ್ಖಾನೆಯಲ್ಲಿ ಸೀಟ್ ಬೆಲ್ಟ್ ಹೊಲಿದು ಸವೆದವಳು. ಅವಳ ತೆರಿಗೆಯನ್ನು ಸಂಬಳ ಕೈಗೆ ಬರುವ ಮೊದಲೇ ಮುರಿದುಕೊಳ್ಳುತ್ತಿದ್ದರು. ಈಗ ಅವಳ ಕಿಡ್ನಿ ಎರಡೂ ಕೆಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು, ಆಗುತ್ತಿರುವುದು ಒಂದೇ ಸಲ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಟ್ಟು ನಿಂತ ಯಂತ್ರಗಳನ್ನು ರಿಪೇರಿ ಮಾಡಿಸಲು ಖಜಾನೆಯಲ್ಲಿ ದುಡ್ಡಿಲ್ಲವಂತೆ. ನಿನ್ನೆ ಫೋನಿನಲ್ಲಿ, “ಅಕ್ಕಾ, ಕಾಲು ಊದ್ಕೊಂಡು ಚಪ್ಲಿನೇ ಹತ್ತಲ್ಲ ಕಣೆ. ಕೇಳಿದ್ರೆ ಮುಂದಿನ್ ವಾರ ಬಾ ಅಂತಾರೆ,” ಎಂದಳು. ಧಣಿಗಳ ಬಡ್ಡಿ ಮಾತ್ರ ಆ ಖಜಾನೆಗೆ ಕಾಸಿನ ತೆರಿಗೆಯನ್ನೂ ಕಟ್ಟದೆ ನಮ್ಮೂರಿನ ಬ್ಯಾಂಕಿನಲ್ಲಿ, ತಮ್ಮ ಮಸೂದೆಯ ನೆರಳಿನಲ್ಲಿ ತಣ್ಣಗೆ ಬೆಳೆಯುತ್ತಿದೆ. ನನಗೆ ಸಿಟ್ಟು ಬಂದಿದೆ ಮಾನ್ಯರೇ. ತಂಗಿ ಉಳಿಯುತ್ತಾಳೋ ಇಲ್ಲವೋ ಎಂಬ ಭಯವೂ ಇದೆ.

ಮಸೂದೆಯನ್ನು ಹಿಂದಕ್ಕೆ ಪಡೆಯಿರಿ. ಇಲ್ಲವಾದರೆ ಬರುವ ಹಬ್ಬಕ್ಕೂ ಬ್ರೆಡ್ಡು ತರುವವಳು ನಾನೇ. ಈ ಸಲ ಪ್ರತಿ ತುಂಡಿನಲ್ಲೂ ಗೊಂಬೆ ಇಟ್ಟಿರುತ್ತೇನೆ, ತಮ್ಮ ತುಂಡಿನಲ್ಲೂ. ಒಫೇಲಿಯಾ ಅಲ್ಲಿಯವರೆಗೆ ಬದುಕಿದ್ದರೆ ಅವಳನ್ನೂ ಕರೆತಂದು ತಮ್ಮೆದುರು ಕೂರಿಸುತ್ತೇನೆ. ಹಲ್ಲು ನೋವೆಂದು ಆಗ ಅವಳಿಗೆ ಹೇಳಿ.

ಇಂತಿ,
ಗೊಂಬೆ ಹಾಕಲು ಎಂದೂ ಮರೆಯದ,
ಎಲ್ವಿರಾ ಟ್ರೆವಿನ್ಯೋ
ಬೇಕರಿಯವಳು, ಲರೇಡೋ